ಮನೆಯಾಕೆಯ ಮೊಳ

ಪ್ರತಿ ವರ್ಷ ಯುಗಾದಿ ಮುಗಿಯುತ್ತಿದ್ದಂತೆ ನನ್ನ ಹೆಂಡತಿ ಸಾಸ್ವೆಹಳ್ಳಿಯ ತಂಗಿಯ ಮನೆಗೆ ಹೋಗಿಬಿಡುತ್ತಿದ್ದಳು. ಅದು ಹಳೆಯ ಮಣ್ಣಿನ ಗೋಡೆಯ ಮನೆ. ಒಳಗೆ ಕಾಲಿಟ್ಟರೆ ಸಾಕು, ಮೈ ತಣ್ಣಗಾಗುತ್ತದೆ ಎಂದು ಅವಳ ವಾದ. ಹೊನ್ನಾಳಿಯ ನಮ್ಮ ಮನೆಯೋ, ನಾನೇ ನಕ್ಷೆ ಬರೆದು, ನಾನೇ ಬಿಸಿಲಲ್ಲಿ ನಿಂತು ಕಟ್ಟಿಸಿದ ಆರ್‌ಸಿಸಿ ಮನೆ. ಅದರ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಸರ್ಕಾರಿ ಇಂಜಿನಿಯರ್ ಆಗಿ ಚನ್ನಗಿರಿ, ನ್ಯಾಮತಿ, ಹೊನ್ನಾಳಿ ಎಂದು ಮೂವತ್ತು ವರ್ಷ ಸುತ್ತಿ ಸೇತುವೆ, ಶಾಲೆ ಕೊಠಡಿ, ನೀರಿನ ಟ್ಯಾಂಕು ಕಟ್ಟಿಸಿದವನು ನಾನು. ಇವತ್ತಿನವರೆಗೆ ಒಂದೂ ಬಿದ್ದಿಲ್ಲ. ಬೀಳದೆ ಇರುವುದು ಬೇರೆ, ಒಳಗೆ ಮಲಗಲು ಆಗುವುದು ಬೇರೆ ಎಂದು ಹೆಂಡತಿ ಹೇಳುತ್ತಿದ್ದಳು.

ನಾನು ನಿವೃತ್ತನಾದ ಮರುವರ್ಷ ಅವಳು ಹೋಗುವಾಗ ಹೊಲಿಗೆ ಮಿಷನ್ನನ್ನೂ ಆಟೋಗೆ ಹೇರಿಸಿಕೊಂಡು ಹೋದಳು. ಎರಡು ಸೀರೆ ತೆಗೆದುಕೊಂಡು ಹೋದ ಹೆಂಗಸು ಮಳೆ ಬಿದ್ದ ಕೂಡಲೇ ಬರುತ್ತಾಳೆ. ಮಿಷನ್ನು ತೆಗೆದುಕೊಂಡು ಹೋದವಳ ಕಥೆ ಹೇಳಲು ಬರುವುದಿಲ್ಲ. ಮುಂಗಾರು ಬಂತು, ಅವಳು ಬರಲಿಲ್ಲ. ಫೋನು ಮಾಡಿದರೆ, ಇಲ್ಲಿ ನಾಲ್ಕು ಜನ ರವಿಕೆ ಹೊಲಿಯಲು ಕೊಟ್ಟಿದ್ದಾರೆ, ಮುಗಿಸಿ ನೋಡೋಣ ಎಂದಳು. ದೀಪಾವಳಿಗೆ ಬಂದು, ಹಬ್ಬ ಮುಗಿಸಿ, ಪಾತ್ರೆ ತೊಳೆದಿಟ್ಟು, ಮರುದಿನವೇ ಮತ್ತೆ ಹೊರಟು ನಿಂತಳು.

"ನಾನು ಇನ್ನು ಅಲ್ಲೇ ಇರ್ತೀನ್ರೀ. ಜಗಳ ಏನಿಲ್ಲ. ಈ ಮನೆಯಾಗೆ ನನಗೆ ಉಸಿರು ಕಟ್ಟಿದಂಗೆ ಆಗ್ತೈತೆ" ಎಂದಳು.

ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು. ಆ ವಿದ್ಯೆಯಲ್ಲಿ ನಾನೇನೂ ಕಡಿಮೆಯಿಲ್ಲ. ಅವಳು ಜಗಳವಿಲ್ಲದೆ ಹೋದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಮೇಲೆ ಒಬ್ಬನೇ ಅನ್ನ ಬೇಯಿಸಿಕೊಂಡು ತಿನ್ನುವುದು ಎಂದರೆ ಏನು ಎಂಬುದು ಅವತ್ತು ಮಧ್ಯಾಹ್ನ, ಕುಕ್ಕರಿನ ಮುಂದೆ ನಿಂತಾಗ ಸರಿಯಾಗಿ ಗೊತ್ತಾಯಿತು. ನನಗೆ ಅವಳು ಬೇಕಾಗಿದ್ದಳು. ಆದರೆ ಹಾಗೆಂದು ಹೇಳುವ ಬದಲು ನಾನು ಒಂದು ಯೋಜನೆ ಹಾಕಿದೆ. ಹಿತ್ತಲಿನಲ್ಲಿ ಒಂದು ಮಣ್ಣಿನ ಕೋಣೆ ಕಟ್ಟುವುದು. ಅವಳಿಗೆ ಹೇಳುವುದೇ ಬೇಡ. ಎಲ್ಲ ಮುಗಿದ ಮೇಲೆ ಕರೆದು ತೋರಿಸಿದರೆ ಮರುಮಾತಿಲ್ಲದೆ ವಾಪಸು ಬರುತ್ತಾಳೆ ಎಂದು ಲೆಕ್ಕ ಹಾಕಿದೆ.

ಮಣ್ಣಿನ ಗೋಡೆ ಕಟ್ಟುವವರನ್ನು ಹುಡುಕಿದರೆ ನಮ್ಮ ಕಡೆ ಒಬ್ಬರೂ ಸಿಗಲಿಲ್ಲ. ನ್ಯಾಮತಿಯ ಮೇಸ್ತ್ರಿಯೊಬ್ಬ, ಸಾರ್, ಸಿಮೆಂಟಿಗೆ ಏನಾದರೂ ಬರ ಬಂದಿದೆಯಾ ಎಂದು ಕೇಳಿದ. ಉಬ್ರಾಣಿಯ ಹಿರಿಯರೊಬ್ಬರು, ಕೈಗೆ ಮರೆತುಹೋಗಿದೆ ಎಂದು ಎರಡೂ ಕೈ ತಿರುಗಿಸಿ ತೋರಿಸಿದರು. ಕೊನೆಗೆ, ಹಿಂದೆ ನನ್ನ ಜೀಪು ಓಡಿಸುತ್ತಿದ್ದ ಡ್ರೈವರು ದಾರಿ ತೋರಿಸಿದ. ಜಗಳೂರಿನಿಂದ ಆಚೆ ಅವನ ಹೆಂಡತಿಯ ಊರಿನಲ್ಲಿ ಒಂದು ಓಣಿಯವರು ಈಗಲೂ ಮಣ್ಣು ತುಳಿದು ಗೋಡೆ ಹಾಕುತ್ತಾರಂತೆ. ಬೇರೆಯವರ ಮನೆಗೆ ಬಂದು ಕೂಲಿಗೆ ಕಟ್ಟುವುದಿಲ್ಲವಂತೆ, ಹೋಗಿ ಕಲಿತುಕೊಂಡರೆ ಬೇಡ ಅನ್ನುವುದಿಲ್ಲವಂತೆ. ಮೂವತ್ತು ವರ್ಷ ಕಟ್ಟಡ ಕಟ್ಟಿಸಿದವನಿಗೆ ಕಲಿಯುವುದೇನಿರುತ್ತದೆ, ಎರಡು ದಿನದಲ್ಲಿ ನೋಡಿಕೊಂಡು ಬಂದರಾಯಿತು ಎಂದು ಸ್ಟೀಲ್ ಟೇಪು, ನೋಟ್ ಬುಕ್ಕು, ಹೊಸ ಗಂಬೂಟು ಚೀಲಕ್ಕೆ ತುರುಕಿಕೊಂಡು ಹೊರಟೆ.

ಆ ಓಣಿಯಲ್ಲಿ ಗೋಡೆ ಕೆಲಸಕ್ಕೆಲ್ಲ ಯಜಮಾನಿಕೆ ಒಬ್ಬ ಮುದುಕಿಯದು. ನಾನೇ ಕುಳ್ಳ, ಆಕೆ ನನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದಳು. ಮಗ ಬ್ಯಾಂಕಿನಲ್ಲಿ ನೌಕರ, ಸೊಸೆ ಶಾಲೆ ಟೀಚರು. ಅವರಿಬ್ಬರೂ ಕಟ್ಟಿಸಿದ ತಾರಸಿ ಮನೆಯ ಪಡಸಾಲೆಯಲ್ಲಿ ಬುದ್ಧನ ದೊಡ್ಡ ಚಿತ್ರ, ಟೈಲ್ಸಿನ ನೆಲ, ಎಲ್ಲ ಇತ್ತು. ಮುದುಕಿಗೆ ಮಾತ್ರ ತಾರಸಿ ಕೆಳಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಆ ಮನೆಯ ಪಕ್ಕದಲ್ಲೇ ತನಗೊಂದು ಮಣ್ಣಿನ ಕೋಣೆ ಕಟ್ಟಿಕೊಳ್ಳುತ್ತಿದ್ದಳು. ಇದನ್ನು ಕೇಳಿ, ಈ ಹೆಂಗಸರೆಲ್ಲ ಸೇರಿ ಆರ್‌ಸಿಸಿಯ ಮೇಲೆ ಏನೋ ಪಿತೂರಿ ನಡೆಸಿದ್ದಾರೆ ಅನ್ನಿಸಿತು.

ನಾನು ವಿನಯದಿಂದ ಅಜ್ಜೀ ಎಂದು ಮಾತು ಶುರು ಮಾಡಿದೆ. ಆಕೆ ನನ್ನ ನೆರೆತ ತಲೆಯನ್ನೇ ನೋಡಿದಳು.

"ನೀವು ಅಜ್ಜಿ ಅಂದ್ರೆ ನಾನು ಸತ್ತು ಎಷ್ಟು ವರ್ಷ ಆಗಿರಬೇಕ್ರೀ ಸಾಹೇಬ್ರೇ? ಅಕ್ಕ ಅನ್ರಿ" ಎಂದಳು.

ಅವತ್ತಿನಿಂದ ಆಕೆ ನನಗೆ ಅಕ್ಕ. ಕಲಿಸಲು ನಾನೇನು ನನ್ನ ಸೊಸೆಯ ಹಾಗೆ ಟೀಚರಾ, ಮುಯ್ಯಾಳಾಗಿ ಬನ್ನಿ ಎಂದು ಅಕ್ಕ ಹೇಳಿದಳು. ಒಬ್ಬರ ಮನೆ ಕೆಲಸಕ್ಕೆ ಓಣಿಯವರೆಲ್ಲ ಬರುತ್ತಾರೆ, ಅವರ ಮನೆ ಕೆಲಸಕ್ಕೆ ಇವರು ಹೋಗುತ್ತಾರೆ, ಅದೇ ಮುಯ್ಯಿ. ನನಗೆ ಅದು ಬಿಟ್ಟಿ ದುಡಿಮೆಗೆ ಇಟ್ಟ ಒಳ್ಳೆಯ ಹೆಸರು ಎಂದು ತೋರಿತು. ಆದರೂ ಒಪ್ಪಿದೆ. ಎರಡು ದಿನ ಎಂದುಕೊಂಡು ಹೋದವನು ಹನ್ನೊಂದು ದಿನ ಇದ್ದೆ.

ಕೆಂಪು ಮಣ್ಣು, ಹೊಟ್ಟು, ಸಗಣಿ ಸೇರಿಸಿ ನೀರು ಬಿಟ್ಟು ನಾಲ್ಕು ದಿನ ಕೊಳೆಯಲು ಹಾಕಿದ್ದರು. ಅದರ ವಾಸನೆಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಗಂಬೂಟು ಹಾಕಿಕೊಂಡು ಇಳಿದೆ. ಮೂರು ಹೆಜ್ಜೆ ಇಡುವಷ್ಟರಲ್ಲಿ ಬೂಟು ಮಣ್ಣಿನಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು, ನಾನು ಅಂಗಾತ ಬಿದ್ದೆ. ಓಣಿಯವರು ನಗಲಿಲ್ಲ. ಅವರು ಅಷ್ಟು ಗಂಭೀರವಾಗಿ ಮುಖ ಆಚೆ ತಿರುಗಿಸಿಕೊಂಡಿದ್ದರು ಎಂದರೆ, ನಕ್ಕಿದ್ದರೇ ಚೆನ್ನಾಗಿರುತ್ತಿತ್ತು. ಅಕ್ಕ ಬೂಟುಗಳನ್ನು ತೆಗೆದು ಬೇಲಿಯ ಗೂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ತುಳಿಯಿರಿ ಎಂದಳು. ಮಣ್ಣಿನ ತೇವ ಎಷ್ಟು ಇರಬೇಕು ಎಂದು ನಾನು ನೋಟ್ ಬುಕ್ಕು ತೆರೆದು ಕೇಳಿದೆ. ಹಿಮ್ಮಡಿ ಎತ್ತಿದಾಗ ಮಣ್ಣು ತಾನಾಗಿ ಕಾಲು ಬಿಟ್ಟರೆ ಹದ, ಹಿಡಿದುಕೊಂಡರೆ ಇನ್ನೂ ತುಳಿಯಬೇಕು ಎಂದಳು. ನಾನು ಹಾಗೆಯೇ ಬರೆದುಕೊಂಡೆ. ನನ್ನ ಹಿಮ್ಮಡಿಗೆ ಈ ಭಾಷೆ ಅರ್ಥವಾಗಲು ಐದು ದಿನ ಹಿಡಿಯಿತು.

ಗೋಡೆ ಏಳುವುದು ದಿನಕ್ಕೆ ಒಂದೇ ಮೊಳ. ಅಷ್ಟು ಏರಿಸಿ, ತಟ್ಟಿ, ಒಣಗಲು ಬಿಟ್ಟು ಮನೆಗೆ ಹೋಗುವುದು. ಇನ್ನೊಂದಿಷ್ಟು ಏರಿಸೋಣ, ಟೈಮಿದೆಯಲ್ಲ ಎಂದು ನಾನು ದಿನವೂ ಹೇಳುತ್ತಿದ್ದೆ. ಟೈಮು ನಿಮಗಿದೆ, ಗೋಡೆಗೆ ಇಲ್ಲ ಎಂದು ಅಕ್ಕ ಕೈ ತೊಳೆಯಲು ಎದ್ದುಬಿಡುತ್ತಿದ್ದಳು. ಆದರೆ ಮಧ್ಯಾಹ್ನ ಆ ಅರೆಬರೆ ಗೋಡೆಯ ನೆರಳಿನಲ್ಲಿ ರೊಟ್ಟಿ ತಿನ್ನಲು ಕೂತಾಗ ಬೆನ್ನಿಗೆ ತಾಗುತ್ತಿದ್ದ ತಂಪು ಎಂಥದು ಎಂದು ಹೇಳಿದರೆ ನನ್ನ ಮೂವತ್ತು ವರ್ಷದ ಸರ್ವೀಸಿಗೆ ಅವಮಾನ. ಹೆಂಡತಿ ಹೇಳುತ್ತಿದ್ದುದು ನಿಜವಾಗಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ಜಿಲ್ಲೆಯಷ್ಟು ದೂರ ಬಂದು ಸಗಣಿ ತುಳಿಯಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅಕ್ಕ ಎಲ್ಲವನ್ನೂ ತನ್ನ ಕೈಯಲ್ಲಿ ಅಳೆಯುತ್ತಿದ್ದಳು. ಮೊಣಕೈಯನ್ನು ನೆಲಕ್ಕೆ ಊರಿ ನಡುಬೆರಳಿನ ತುದಿಗೆ ಗೆರೆ ಎಳೆಯುವುದು, ಮತ್ತೆ ಅಲ್ಲಿಂದ ಮುಂದಕ್ಕೆ. ಬಾಗಿಲು ನಾಲ್ಕು ಮೊಳ, ಒಳಗಿನ ಮಲಗುವ ಮಣ್ಣಿನ ಕಟ್ಟೆ ನಾಲ್ಕು ಮೊಳ, ಕಿಟಕಿ ಕಟ್ಟೆಯ ಮೇಲಿಂದ ಒಂದು ಮೊಳ. ನಾವು ಓದಿದ ಪುಸ್ತಕದಲ್ಲಿ ಮೊಳ ಎಂದರೆ ಹದಿನೆಂಟು ಇಂಚು. ಅಕ್ಕ ಎಳೆದ ಗೆರೆಗಳ ಮೇಲೆ ಟೇಪು ಹಿಡಿದು ನೋಡಿದರೆ ಹದಿನಾರಕ್ಕೂ ಕಡಿಮೆ, ಸರಿಯಾಗಿ ನಲವತ್ತು ಸೆಂಟಿಮೀಟರ್. ಎಷ್ಟು ಸಲ ಅಳೆದರೂ ಅದೇ. ನನಗೆ ಮೈ ಜುಮ್ಮೆಂದಿತು. ಇದು ಯಾವುದೋ ಹಳೆಯ ಪ್ರಾದೇಶಿಕ ಮಾನ ಇರಬೇಕು, ಇದುವರೆಗೆ ಯಾವ ಇಂಜಿನಿಯರನ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡೆ. 'ಜಗಳೂರು ಮೊಳ = ೪೦ ಸೆಂ.ಮೀ.' ಎಂದು ನೋಟ್ ಬುಕ್ಕಿನಲ್ಲಿ ಬರೆದು ಎರಡು ಅಡಿಗೆರೆ ಎಳೆದೆ. ಇದರ ಬಗ್ಗೆ ಒಂದು ಲೇಖನ ಬರೆಯಬೇಕು ಎಂದೂ ಹಿಗ್ಗಿ ಹೀರೇಕಾಯಿಯಾದೆ. ಅಷ್ಟು ಉದ್ದದ ಒಂದು ಬಿದಿರು ಕೋಲನ್ನು ಒಂದು ಮಿಲಿಮೀಟರ್ ಆಚೀಚೆ ಆಗದಂತೆ ಕತ್ತರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೆ.

ನಾನು ಹೋದ ದಿನವೇ ಅಕ್ಕ ನನ್ನ ಹೆಂಡತಿಯ ಬಗ್ಗೆ ಕೇಳಿದ್ದಳು. ನಿಮ್ಮ ಮನೆಯಾಕೆ ಯಾಕೆ ಬರಲಿಲ್ಲ? ಮೊಣಕಾಲು ನೋವು ಎಂದೆ. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದಳು. ಯಾವುದೋ ಮದುವೆಗೆ ಹೋಗಿದ್ದಾಳೆ ಎಂದೆ. ಮೊಣಕಾಲು ನೋವಿನಲ್ಲೇ ಹೋದಳಾ ಎಂದಾಗ, ಹತ್ತಿರದ ಮದುವೆ ಎಂದು ತೇಪೆ ಹಾಕಿದೆ. ಹೆಂಡತಿ ನನ್ನ ಮನೆಯಲ್ಲಿ ಇರಲಾರದೆ ಹೋಗಿದ್ದಾಳೆ ಎಂದು ಯಾರೆದುರಿಗಾದರೂ ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಹೊರಡುವ ದಿನ ನಾನು ಕೋಣೆಯ ನಕ್ಷೆ ತೋರಿಸಿ, ಅಳತೆಗಳೆಲ್ಲ ಸರಿಯೇ ಎಂದು ಕೇಳಿದೆ. ಅಕ್ಕ ನಕ್ಷೆ ನೋಡಲೇ ಇಲ್ಲ.

"ಮೊದಲು ಮನೆಯಾಕಿನ ಕರ್ಕಂಡು ಬರ್ರಿ. ಆಮ್ಯಾಲೆ ಅಳತೆ ಮಾತು" ಎಂದಳು.

ಉಪಚಾರಕ್ಕೆ ಹೇಳುತ್ತಿದ್ದಾಳೆ, ದಂಪತಿಯನ್ನು ಕರೆದು ಊಟ ಹಾಕುವ ಆಸೆ ಎಂದುಕೊಂಡೆ. ಅಳತೆ ಹೇಗಿದ್ದರೂ ನನ್ನ ಬ್ಯಾಗಿನಲ್ಲೇ ಇತ್ತು.

ಹೊನ್ನಾಳಿಗೆ ಬಂದು ನ್ಯಾಮತಿ ಕಡೆಯಿಂದ ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿದೆ. ನಾಲ್ಕು ಆಳುಗಳನ್ನು ಇಟ್ಟುಕೊಂಡು ಬರಿಗಾಲಲ್ಲಿ ಮಣ್ಣಿಗಿಳಿದೆ. ನಿವೃತ್ತ ಇಂಜಿನಿಯರ್ ಸಾಹೇಬರಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಬೀದಿಯ ಆ ತುದಿಯವರೆಗೆ ಹೋಗಿ, ಅಲ್ಲಿಂದ ಇನ್ನಷ್ಟು ದೊಡ್ಡದಾಗಿ ಈ ತುದಿಗೆ ವಾಪಸು ಬಂತು. ನಾನು ಕೇಳಿಸಿಕೊಳ್ಳಲಿಲ್ಲ. ದಿನಕ್ಕೆ ಒಂದು ಮೊಳ, ಬಿದಿರು ಕೋಲು ಇಟ್ಟು ಅಳೆದು ಏರಿಸಿದೆ. ಮೇಲೆ ತೊಲೆ, ಜಂತೆ, ಅದರ ಮೇಲೆ ಗೆದ್ದಲು ಹತ್ತದ ಬಂದರಿಕೆ ಗಿಡದ ಸೊಪ್ಪು, ಅದರ ಮೇಲೆ ನೀರು ಇಳಿಯದ ಹಾಗೆ ಚೌಳು ಮಣ್ಣು. ಮಾಳಿಗೆ ಮುಗಿಯುವ ಹೊತ್ತಿಗೆ ಶಿವರಾತ್ರಿ ಹತ್ತಿರ ಬಂದಿತ್ತು. ಬಾಗಿಲಲ್ಲಿ ನಾನು ಹೋಗುವಾಗ ಕೂದಲು ಸ್ವಲ್ಪ ಸವರುತ್ತಿತ್ತು, ಅಷ್ಟೆ. ಇದನ್ನು ಕಟ್ಟಿದ್ದು ನಾನು ಎಂದು ಗೋಡೆಗೆ ಕೈಯಿಟ್ಟು ನಿಂತಾಗ ನನ್ನ ಯಾವ ಸೇತುವೆಯೂ ಕೊಡದ ಖುಷಿ ಆಯಿತು.

ಹೆಂಡತಿಗೆ ಫೋನು ಮಾಡಿ, ಭಾನುವಾರ ತಂಗಿಯನ್ನು ಕರೆದುಕೊಂಡು ಬಾ, ಒಂದು ವಸ್ತು ತೋರಿಸುವುದಿದೆ ಎಂದೆ. ಅದೇ ಜಂಭದಲ್ಲಿ ಅಕ್ಕನ ಸೊಸೆಯ ಮೊಬೈಲಿಗೆ ಕೋಣೆಯ ನಾಲ್ಕು ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಹೆಂಡತಿ, ಅವಳ ತಂಗಿ ಇಬ್ಬರೂ ಬಂದರು. ನನ್ನ ಹೆಂಡತಿ ನನಗಿಂತ ನಾಲ್ಕು ಬೆರಳು ಎತ್ತರ. ಮದುವೆ ಫೋಟೋದಲ್ಲಿ ಫೋಟೋಗ್ರಾಫರು ನನ್ನನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿದ್ದ. ಇದು ನನಗೆ ಮೂವತ್ತೊಂದು ವರ್ಷದಿಂದ ಗೊತ್ತು. ಕೋಣೆ ಕಟ್ಟಿದ ಎರಡು ತಿಂಗಳಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಹಿತ್ತಲಿಗೆ ಬಂದ ಅವಳು ಕೋಣೆಯನ್ನು ನೋಡಿ, ಗೋಡೆಯನ್ನು ಅಂಗೈಯಿಂದ ಸವರಿದಳು. ಅವಳ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ. ಆಮೇಲೆ ಒಳಗೆ ಹೋಗಲು ಹೆಜ್ಜೆ ಇಟ್ಟಳು, ಹಣೆ ಬಾಗಿಲಿನ ಮೇಲಿನ ಮರಕ್ಕೆ ಠಣ್ ಎಂದು ಬಡಿಯಿತು.

ಹಣೆ ಉಜ್ಜಿಕೊಂಡು, ಬಗ್ಗಿ ಒಳಗೆ ಹೋದಳು. ಕಟ್ಟೆಯ ಮೇಲೆ ಮಲಗಿ ನೋಡಿದಳು. ಪಾದಗಳೆರಡೂ ಹೊರಗೆ ಉಳಿದವು. ಎದ್ದು ಕೂತಳು, ಗಾಳಿ ಬರಲಿ ಎಂದು ನಾನು ಇಟ್ಟಿದ್ದ ಕಿಟಕಿ ಅವಳ ಹೊಟ್ಟೆಯ ನೇರಕ್ಕೆ ಬಂತು. ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ತಂಪೇನೋ ಚೆನ್ನಾಗಿದೆ ಎಂದು ಹೆಂಡತಿ ಹೇಳಿದ ರೀತಿಯಲ್ಲಿ ಅವಳು ಸಂಜೆಯ ಬಸ್ಸು ಹಿಡಿಯುವುದು ನಿಶ್ಚಯವಾಗಿತ್ತು.

ಅಷ್ಟರಲ್ಲಿ ಮನೆ ಮುಂದೆ ಒಂದು ಟೆಂಪೋ ಬಂದು ನಿಂತಿತು. ನನ್ನ ಹಳೆಯ ಡ್ರೈವರನ್ನು ವಿಳಾಸ ಕೇಳಿಕೊಂಡು, ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ಜಗಳೂರು ಕಡೆಯ ಒಂಬತ್ತು ಜನ ಬಂದಿಳಿದರು. ಎಲ್ಲರ ಹಿಂದೆ ಅಕ್ಕ. ನಾನು ಹನ್ನೊಂದು ದಿನ ತುಳಿದಿದ್ದೆನಲ್ಲ, ಆ ಮುಯ್ಯಿಯನ್ನು ಗೋಡೆಗೆ ಸಾರಣೆ ಮಾಡಿಯಾದರೂ ತೀರಿಸಲು ಬಂದಿದ್ದರು. ಗೋಡೆ ಹಾಕುವಾಗ ಹೇಳಿ ಕಳಿಸದೆ, ಎಲ್ಲ ಮುಗಿಸಿ ಫೋಟೋ ಕಳಿಸುವುದು ಯಾವ ಸೀಮೆಯ ಮರ್ಯಾದೆ ಎಂದು ಅಕ್ಕ ಅಂಗಳದಲ್ಲೇ ತರಾಟೆಗೆ ತೆಗೆದುಕೊಂಡಳು. ನಂತರ ಹಿತ್ತಲಿಗೆ ಬಂದು, ಸರಸರನೆ ನಡೆದು, ತಲೆ ಒಂದಿಷ್ಟೂ ತಗ್ಗಿಸದೆ ಬಾಗಿಲಲ್ಲಿ ಒಳಗೆ ಹೋದಳು. ಗೋಡೆಯ ಗೂಡಿಗೆ ಕೈ ಹಾಕಿದಳು. ಕೈ ಸಲೀಸಾಗಿ ಹೋಯಿತು. ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿದಳು. ಅಳೆದು ಮಾಡಿಸಿದ ಹಾಗೆ ಹಿಡಿಸಿತು. ಎದ್ದು ಕೂತು ಕಿಟಕಿಯಿಂದ ನಮ್ಮನ್ನೆಲ್ಲ ನೋಡಿ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು. ನಗು ಅಲ್ಲಿಗೇ ನಿಂತಿತು. ಆಕೆ ಮೊಣಕೈ ಊರಿ ಕಟ್ಟೆಯನ್ನು ಒಂದು, ಎರಡು, ಮೂರು, ನಾಲ್ಕು ಎಂದು ಅಳೆದಳು. ನಾಲ್ಕನೆಯದು ಅಂಚಿಗೆ ಸರಿಯಾಗಿ ಮುಗಿಯಿತು.

"ಇದು ನನ್ನ ಕೈ ಮೊಳ ಅಲ್ಲೇನ್ರೀ?" ಎಂದಳು ಅಕ್ಕ.

ಜಗಳೂರು ಮೊಳ ಎಂದು ಏನೋ ತೊದಲಿದೆ. ಹಾಗೆಂದರೇನು ಎಂದು ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಹೊರಗೆ ಬಂದು ನನ್ನ ಹೆಂಡತಿಯನ್ನು ಕಾಲಿಂದ ತಲೆಯವರೆಗೆ ನೋಡಿದಳು. ತಲೆ ನೋಡುವಾಗ ತನ್ನ ಕತ್ತನ್ನು ಸಾಕಷ್ಟು ಎತ್ತಬೇಕಾಯಿತು. ಮೊಣಕಾಲು ನೋವು ಈಗ ಹೇಗಿದೆ ಎಂದು ವಿಚಾರಿಸಿದಳು. ನನಗೆ ಯಾವ ಮೊಣಕಾಲು ನೋವೂ ಇಲ್ಲವಲ್ಲ ಎಂದು ಹೆಂಡತಿ ಆಶ್ಚರ್ಯಪಟ್ಟಳು. ಹಾಗಾದರೆ ಮದುವೆ ಚೆನ್ನಾಗಿ ಆಯಿತೇ ಎಂದು ಕೇಳಿದಳು ಅಕ್ಕ. ಯಾರ ಮದುವೆ ಎಂದು ಹೆಂಡತಿ ನನ್ನ ಕಡೆ ತಿರುಗಿದಳು. ಹನ್ನೆರಡು ಜನ ನನ್ನನ್ನೇ ನೋಡುತ್ತಿದ್ದರು. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ, ಇನ್ನೊಂದು ಸುಳ್ಳು ಹುಡುಕಿದರೆ ಸಿಗಲಿಲ್ಲ.

ಇವಳು ನನ್ನನ್ನು ಬಿಟ್ಟು ಹೋಗಿದ್ದಾಳೆ, ವಾಪಸು ಬರಲಿ ಎಂದು ಇದನ್ನು ಕಟ್ಟಿದೆ ಎಂದು ಎಲ್ಲರ ಎದುರಿಗೂ ಹೇಳಿಬಿಟ್ಟೆ.

ಅಕ್ಕನಿಗೆ ನನ್ನ ಸಂಸಾರದ ಗೋಳಿಗಿಂತ ಕಟ್ಟೆಯ ಉದ್ದವೇ ದೊಡ್ಡ ಸಂಕಟ. ಯಾರು ಇರುವ ಮನೆಯೋ ಆ ಮನೆಯಾಕೆಯ ಮೊಳದಲ್ಲೇ ಅಳೆಯಬೇಕು, ಅದಕ್ಕೇ ಅಲ್ಲವೇ ಬಾಯಿ ಬಡಿದುಕೊಂಡು ಕರೆದುಕೊಂಡು ಬನ್ನಿ ಎಂದದ್ದು ಎಂದು ಬೈದಳು. ನಾನು ಕಂಡುಹಿಡಿದ ಪ್ರಾದೇಶಿಕ ಮಾನ ಒಬ್ಬ ಕುಳ್ಳ ಮುದುಕಿಯ ಕೈ ಎಂದು ಅಲ್ಲಿ ನಿಂತೇ ಅರ್ಥವಾಯಿತು. ಈಗ ಏನು ಮಾಡುವುದು ಎಂದೆ. ಕಟ್ಟಿದ್ದನ್ನು ಕೆಡವುವುದು ನನ್ನ ಸರ್ವೀಸಿನಲ್ಲೇ ಇಲ್ಲ.

"ಜಂತೆ ಇಳಿಸೋದು, ಗೋಡೆ ಕೆಡವೋದು, ನೀರು ಬಿಟ್ಟು ತಿರುಗಾ ತುಳಿಯೋದು. ಮಣ್ಣಿಗೇನ್ರೀ, ಅದು ಬ್ಯಾಸರ ಮಾಡ್ಕಂತೈತಾ?" ಎಂದಳು ಅಕ್ಕ. ಒಂಬತ್ತು ಜನ ಆಗಲೇ ಮಾಳಿಗೆ ಹತ್ತುತ್ತಿದ್ದರು.

ಅಕ್ಕ ನನ್ನ ಹೆಂಡತಿಯನ್ನು ಅಂಗಳದಲ್ಲಿ ಕೂರಿಸಿ, ಬಲಗೈಯನ್ನು ನೆಲಕ್ಕೆ ಊರಿಸಿದಳು. ನಾನು ಅಭ್ಯಾಸಬಲದಿಂದ ಟೇಪು ಎಳೆದೆ. ಅಕ್ಕ ಅದನ್ನು ಕಿತ್ತುಕೊಂಡು ಒಂದು ಹೊಸ ಬಿದಿರು ಸೀಳು ಕೊಟ್ಟಳು. ಹೆಂಡತಿಯ ಕೈಯ ಪಕ್ಕದಲ್ಲಿ ಬಿದಿರು ಇಟ್ಟು, ಮಂಡಿಯೂರಿ ಕೂತೆ. ಏನಾದರೂ ಮಾತಾಡಬೇಕಲ್ಲ ಎಂದು, ಬಾಗಿಲು ಎಷ್ಟು ಎತ್ತರ ಇರಲಿ ಎಂದು ಕೇಳಿದೆ. ನಿಜವಾಗಿ ಕೇಳುತ್ತಿದ್ದೇನೋ ಇಲ್ಲವೋ ಎಂದು ಅವಳು ನನ್ನ ಮುಖ ನೋಡಿದಳು. ಆಮೇಲೆ ಹೇಳತೊಡಗಿದಳು. ಬಾಗಿಲು ಇಷ್ಟು, ಕಿಟಕಿ ಗಾಳಿ ಬೀಸುವ ಹೊಳೆ ಕಡೆಗೆ, ಕಟ್ಟೆ ಗೋಡೆಗೆ ಅಂಟಿಕೊಂಡಿರುವುದು ಬೇಡ, ಗೂಡು ಎರಡು, ಒಂದರಲ್ಲಿ ಕನ್ನಡಕ ಇಡಲು. ನಾನು ಬರೆದುಕೊಳ್ಳುತ್ತಾ ಹೋದೆ, ಎರಡು ಪುಟ ತುಂಬಿತು. ಕೋಣೆ ಮುಗಿದ ಮೇಲೂ ಅವಳ ಮಾತು ನಿಲ್ಲಲಿಲ್ಲ.

"ಅಡಿಗೆಮನೆ ಕಟ್ಟೆ ನಾಕು ಬೆರಳು ಎತ್ತರ ಇರಬೇಕಿತ್ತು. ಇಪ್ಪತ್ತಾರು ವರ್ಷ ಬಗ್ಗಿ ಬಗ್ಗಿ ನನ್ನ ಬೆನ್ನು ಹೋತು ನೋಡ್ರಿ" ಎಂದಳು.

ಆ ಕಟ್ಟೆಯ ಎತ್ತರ ನಾನು ಪುಸ್ತಕ ನೋಡಿ ಹಾಕಿದ್ದು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಕೇಳಿದ್ದು ಇವತ್ತಲ್ಲೇನ್ರೀ?" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸಿಕೊಳ್ಳುವುದು ಸುಲಭವಿತ್ತು.

ಅವಳ ನಡುಬೆರಳಿನ ತುದಿಗೆ ಬಿದಿರಿನ ಮೇಲೆ ಮೊಳೆಯಿಂದ ಗುರುತು ಹಾಕಿದೆ. ಗೆರೆ ಸ್ವಲ್ಪ ವಾರೆಯಾಯಿತು. ಅಕ್ಕ ನೋಡಿ, ಇರಲಿ ಬಿಡಿ, ಇಷ್ಟು ವಾರೆ ಗೋಡೆ ತಾಳಿಕೊಳ್ಳುತ್ತದೆ ಎಂದಳು. ಆ ಹೊತ್ತಿಗೆ ಜಂತೆಗಳು ಕೆಳಗಿಳಿದಿದ್ದವು, ಮೊದಲ ಗೋಡೆ ಉರುಳಿತ್ತು, ಯಾರೋ ನಮ್ಮ ನಲ್ಲಿಗೆ ಪೈಪು ಸಿಕ್ಕಿಸಿ ಮಣ್ಣಿಗೆ ನೀರು ಬಿಟ್ಟಿದ್ದರು. ನನ್ನ ಹೆಂಡತಿ ಎದ್ದು, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಮಣ್ಣಿಗೆ ಇಳಿದಳು. ಸಂಜೆ ಬಸ್ಸಿಗೆ ಅವಳ ತಂಗಿ ಒಬ್ಬಳೇ ಹೋದಳು.